ಕೊತ್ತಂಬರಿ ಸೊಪ್ಪಿನ ನೀರು ಕುಡಿದರೆ ಕಿಡ್ನಿ ‘ಕ್ಲೀನ್’ ಆಗುತ್ತದೆಯೇ?

ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಕುದಿಸಿ, ಸೋಸಿ, ದಿನಕ್ಕೊಂದು ಲೋಟ ಕುಡಿದರೆ ಕಿಡ್ನಿಯಲ್ಲಿ ಸೇರಿಕೊಂಡ ಉಪ್ಪು, ವಿಷವೆಲ್ಲ ಮೂತ್ರದಲ್ಲಿ ಹೊರಗೆ ಹೋಗುತ್ತದೆ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೋ, ನೆಂಟರ ಗ್ರೂಪಿಗೋ ಬಂದಿರಲೂಬಹುದು. ಇದು ಎಷ್ಟು ನಿಜ, ನೋಡೋಣ.

ಕಿಡ್ನಿ ಕೆಲಸ ಮಾಡುವುದು ಹೇಗೆ?

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ, ಅಂದರೆ ನಿಮಿಷಕ್ಕೆ 1 ಲೀಟರ್‌ನಷ್ಟು, ಎರಡು ಕಿಡ್ನಿಗಳಿಗೇ ಹೋಗುತ್ತದೆ. ಪ್ರತಿ ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನ್‌ನಲ್ಲಿ ರಕ್ತ ಸೋಸುವ ಪುಟ್ಟ ಜರಡಿ, ಅದಕ್ಕೆ ಸೇರಿದಂತೆ ಒಂದು ಸಣ್ಣ ನಳಿಕೆ ಇರುತ್ತವೆ. ಈ ಜರಡಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮನೆಗೆ ತರಿಸುವ 20 ಲೀಟರ್‌ನ ನೀರಿನ ಕ್ಯಾನ್ 9 ಆದಂತಾಯಿತು! ಆದರೆ ಮೂತ್ರವಾಗಿ ಹೊರಬರುವುದು ಒಂದೂವರೆ, ಎರಡು ಲೀಟರ್ ಮಾತ್ರ. ಉಳಿದ ನೀರು, ಸಕ್ಕರೆ, ಬೇಕಾದಷ್ಟು ಉಪ್ಪನ್ನು ನಳಿಕೆಗಳು ರಕ್ತಕ್ಕೇ ವಾಪಸ್ ಕಳಿಸುತ್ತವೆ. ಹೆಚ್ಚಾದ ಪೊಟ್ಯಾಸಿಯಂ, ಆಮ್ಲವನ್ನು ಹೊರಹಾಕುತ್ತವೆ.

ಅಂದರೆ ಕಿಡ್ನಿ ಕೆಸರು ತುಂಬಿದ ಮೋರಿಯಲ್ಲ. ಸಕ್ಕರೆ ಕಾಯಿಲೆ, ಬಿಪಿ ಹಿಡಿತ ತಪ್ಪಿದಾಗ ಅದರ ಸಣ್ಣ ರಕ್ತನಾಳಗಳು, ಜರಡಿಗಳು ಹಾಳಾಗುತ್ತವೆ. ರಕ್ತ ಕಡಿಮೆಯಾದಾಗ ನಳಿಕೆಗಳೂ ಸೊರಗುತ್ತವೆ. ಹೆಬ್ಬಾಳದ ಕೊಳಚೆ ನೀರು ಶುದ್ಧೀಕರಣ ಘಟಕದ ಯಂತ್ರ ಕೆಟ್ಟರೆ, ಇನ್ನಷ್ಟು ನೀರು ಹರಿಸಿ ಅದನ್ನು ರಿಪೇರಿ ಮಾಡಲು ಆಗುತ್ತದೆಯೇ? ಇದೂ ಹಾಗೆಯೇ.

ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಕಿಡ್ನಿ ಚೆನ್ನಾಗಿದೆಯೇ?

ಹಾಗೇನಿಲ್ಲ. ನಳಿಕೆಗಳು ಸೋತರೆ ನೀರನ್ನು ಹಿಂದಕ್ಕೆ ಎಳೆದುಕೊಳ್ಳಲು ಆಗದೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗಬಹುದು. ಮೂತ್ರ ಎಷ್ಟು ಬಂತು ಎನ್ನುವುದಕ್ಕಿಂತ ಅದರಲ್ಲಿ ಏನು ಬಂತು ಎನ್ನುವುದು ಮುಖ್ಯ.

ಅಪಾಯ ಎಲ್ಲಿದೆ?

ಸೊಪ್ಪು ಕುದಿಸಿದಾಗ ಅದರ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಅದಕ್ಕೇ ಪೊಟ್ಯಾಸಿಯಂ ಹೆಚ್ಚಿರುವ ಕಿಡ್ನಿ ರೋಗಿಗಳಿಗೆ ಸೊಪ್ಪು, ತರಕಾರಿ ಬೇಯಿಸಿದ ನೀರನ್ನು ಚೆಲ್ಲಲು ಹೇಳುತ್ತಾರೆ. ಫಾರ್ವರ್ಡ್ ಹೇಳುವುದು ಆ ನೀರನ್ನೇ ಕುಡಿಯಲು! ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗಿ ಪ್ರಾಣಕ್ಕೆ ಕುತ್ತು ಬರಬಹುದು.

ಕಷಾಯ ನಂಬಿ ಬಿಪಿ, ಶುಗರ್ ಮಾತ್ರೆ ಬಿಡುವುದು ಇನ್ನೊಂದು ಅಪಾಯ. ಮೂರನೆಯದು ಮೆಡಿಕಲ್ ಸ್ಟೋರ್‌ನಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು. ಇವು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸಬಲ್ಲವು. ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿದ್ದಾಗ ಇನ್ನೂ ಅಪಾಯ.

ಏನು ಮಾಡಬೇಕು?

ಶುಗರ್, ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಎರಡನ್ನೂ ಪರೀಕ್ಷಿಸಿಕೊಳ್ಳಿ. ಕಿಡ್ನಿಯ ಅರ್ಧದಷ್ಟು ಶಕ್ತಿ ಕುಗ್ಗುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಎಂದೇ ಬರಬಹುದು. ಆಲ್ಬುಮಿನ್ ಅದಕ್ಕೂ ಮೊದಲೇ ಸುಳಿವು ಕೊಡಬಲ್ಲದು. ತೊಂದರೆ ಕಂಡರೆ ಕಿಡ್ನಿ ತಜ್ಞರನ್ನು ನೋಡಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಇದಕ್ಕೆಂದೇ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆಯಿದೆ.

ನಮ್ಮ ತೀರ್ಮಾನ: ಸಂದೇಶ ಸುಳ್ಳು. ಆರೋಗ್ಯವಂತರು ಸಾರಿಗೆ ಕೊತ್ತಂಬರಿ ಧಾರಾಳವಾಗಿ ಹಾಕಿಕೊಳ್ಳಲಿ. ಆದರೆ ಅದು ಕಿಡ್ನಿಯ ಔಷಧಿಯಲ್ಲ. ಗ್ರೂಪಿನಲ್ಲಿ ಈ ಫಾರ್ವರ್ಡ್ ಮತ್ತೆ ಬಂದರೆ, ಅದರ ಕೆಳಗೆ ಆ ಎರಡು ಪರೀಕ್ಷೆಗಳ ಹೆಸರು ಬರೆದುಬಿಡಿ.