ಗ್ರಾಮ ಪಂಚಾಯತಿ ಕಚೇರಿಗಳಲ್ಲಿ ಹಳೆಯ ಬ್ರೌಸರ್ ಬಳಕೆ: ಅಪಾಯದ ಸ್ವರೂಪ ಮತ್ತು ಸದಸ್ಯರು ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯತಿ ಕಾರ್ಯಾಲಯದಲ್ಲಿ ಇಂದು ದಫ್ತರದ ಬೀರುವಿಗಿಂತ ಹೆಚ್ಚು ಬಾರಿ ತೆರೆಯಲ್ಪಡುವುದು ಗಣಕಯಂತ್ರದ ಬ್ರೌಸರ್. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ಸಿದ್ಧವಾಗುವುದು, ಪಂಚತಂತ್ರದಲ್ಲಿ ತೆರಿಗೆಯ ಬೇಡಿಕೆ ಮತ್ತು ವಸೂಲಿ ದಾಖಲಾಗುವುದು, ಇ-ಗ್ರಾಮಸ್ವರಾಜ್ ಮೂಲಕ ಕಾಮಗಾರಿಯ ಹಣ ಪಾವತಿಯಾಗುವುದು ಇವೆಲ್ಲವೂ ಬ್ರೌಸರಿನ ಒಂದು ಕಿಟಕಿಯ ಮೂಲಕವೇ ನಡೆಯುತ್ತವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ನಂತರ ಯಲಹಂಕ ತಾಲ್ಲೂಕಿನಲ್ಲಿ ಒಂದು ಗುಂಟೆ ಜಾಗದ ಬೆಲೆ ಏನಾಗಿದೆ ಎಂಬುದು ರಾಜಾನುಕುಂಟೆ, ಬೆಟ್ಟಹಲಸೂರು, ಹೆಸರಘಟ್ಟ ಭಾಗದ ಸದಸ್ಯರಿಗೆ ಹೇಳಬೇಕಾದ ಮಾತಲ್ಲ. ಅಂತಹ ಜಾಗದ ಖಾತೆಯ ದಾಖಲೆ ಯಾವ ಯಂತ್ರದಲ್ಲಿ ಸಿದ್ಧವಾಗುತ್ತದೆಯೋ ಆ ಯಂತ್ರದ ಸುಸ್ಥಿತಿಯೂ ಪಂಚಾಯತಿಯ ಆಸ್ತಿ ರಕ್ಷಣೆಯ ಭಾಗವೇ ಆಗಿದೆ.

ಕಂಪ್ಯೂಟರ್ ಹಳೆಯದಾಗಿದೆ, ಪುಟ ತೆರೆಯಲು ತಡವಾಗುತ್ತದೆ ಎಂಬ ದೂರು ಸಾಮಾನ್ಯ ಸಭೆಯವರೆಗೂ ಬರುವುದುಂಟು. ಹಳೆಯ ಬ್ರೌಸರ್ ಅಸುರಕ್ಷಿತ ಎಂಬ ವಿಷಯ ಸಭೆಯ ಮುಂದೆ ಬರುವುದು ಅಪರೂಪ. ವಾಸ್ತವದಲ್ಲಿ ಎರಡನೆಯದೇ ಗಂಭೀರವಾದುದು. ಆಪರೇಟರ್ ಯಾವ ಕಡತವನ್ನೂ ಇಳಿಸಿಕೊಳ್ಳದೆ, ಯಾರಿಗೂ ಪಾಸ್‌ವರ್ಡ್ ತಿಳಿಸದೆ, ಕೇವಲ ಒಂದು ಪುಟವನ್ನು ತೆರೆದು ನೋಡಿದ ಮಾತ್ರಕ್ಕೆ ಯಂತ್ರವು ಪರರ ವಶವಾಗಬಹುದು. ಇದು ಹೇಗೆ ಸಾಧ್ಯ ಎಂಬುದನ್ನು ತಿಳಿಯಲು ತಂತ್ರಜ್ಞಾನದ ಪದವಿ ಬೇಕಿಲ್ಲ. ನಿವೇಶನ ಹಂಚಿಕೆಯ ಅನುಭವವಿದ್ದರೆ ಸಾಕು.

ಬ್ರೌಸರ್ ಒಂದು ಪುಟವನ್ನು ತೆರೆದಾಗ ಗಣಕಯಂತ್ರದ ಮೆಮೊರಿಯನ್ನು ಬಡಾವಣೆಯಂತೆ ಭಾಗ ಮಾಡುತ್ತದೆ. ಚಿತ್ರಕ್ಕೊಂದು ನಿವೇಶನ, ಅಕ್ಷರಗಳಿಗೊಂದು, ಬಳಕೆದಾರರು ಟೈಪ್ ಮಾಡಿದ ಪಾಸ್‌ವರ್ಡಿಗೊಂದು, ಮುಂದೆ ಯಾವ ಕೆಲಸ ಮಾಡಬೇಕೆಂಬ ಆದೇಶಗಳಿಗೊಂದು. ಬ್ರೌಸರುಗಳ ಬಹುಭಾಗವನ್ನು ಬರೆದಿರುವ ಸಿ ಮತ್ತು ಸಿ ಪ್ಲಸ್ ಪ್ಲಸ್ ಎಂಬ ಭಾಷೆಗಳಲ್ಲಿ ಈ ನಿವೇಶನಗಳ ಎಲ್ಲೆಯನ್ನು ಕಾಯುವ ಹೊಣೆ ತಂತ್ರಾಂಶ ಬರೆಯುವವರದು. ಭಾಷೆಯೇ ಅದನ್ನು ಪರಿಶೀಲಿಸುವುದಿಲ್ಲ. ಲಕ್ಷಾಂತರ ಸಾಲುಗಳ ನಡುವೆ ಒಂದು ಕಡೆ ಅಳತೆ ತಪ್ಪಿದರೂ ಸಾಕು. 30×40 ಅಡಿಯ ನಿವೇಶನಕ್ಕೆಂದು ತಂದ ಸಾಮಗ್ರಿಯನ್ನು 45 ಅಡಿಯವರೆಗೆ ಹರಡಿದರೆ ಪಕ್ಕದವರ ಜಾಗ ಒತ್ತುವರಿಯಾಗುತ್ತದೆ. ಮೆಮೊರಿಯಲ್ಲಿ ಪಕ್ಕದ ಜಾಗದಲ್ಲಿ ಆದೇಶಗಳಿದ್ದಲ್ಲಿ, ಹೊರಗಿನಿಂದ ಬಂದ ಮಾಹಿತಿ ಅವುಗಳ ಮೇಲೆ ಕುಳಿತು ತಾನೇ ಆದೇಶವಾಗುತ್ತದೆ.

ಎರಡನೆಯ ಬಗೆಯ ದೋಷ ಇನ್ನೂ ಸೂಕ್ಷ್ಮವಾದುದು. ಪಂಚಾಯತಿಯ ಬ್ಲೀಚಿಂಗ್ ಪುಡಿಯ ದಾಸ್ತಾನು 14ನೇ ಸಂಖ್ಯೆಯ ನಿವೇಶನದ ಕೊಠಡಿಯಲ್ಲಿ ಇತ್ತೆಂದು ಭಾವಿಸಬಹುದು. ದಾಸ್ತಾನನ್ನು ತೆರವು ಮಾಡಿ ಆ ನಿವೇಶನವನ್ನು ಬೇರೊಬ್ಬರಿಗೆ ಹಂಚಲಾಗಿದೆ. ಆದರೆ ನೀರುಗಂಟಿಯ ಕೈಯಲ್ಲಿರುವ ಹಳೆಯ ಚೀಟಿಯಲ್ಲಿ ಇನ್ನೂ 14 ಎಂದೇ ಇದೆ. ಹೊಸದಾಗಿ ಬಂದವನು ಅಲ್ಲಿ ತನ್ನದೊಂದು ಚೀಲವನ್ನು ಇಟ್ಟಿದ್ದಾನೆ. ನೀರುಗಂಟಿ ಎಂದಿನಂತೆ ಹೋಗಿ, ಅಲ್ಲಿದ್ದುದು ಪಂಚಾಯತಿಯದೇ ಎಂದು ನಂಬಿ, ಅದನ್ನು ಓವರ್‌ಹೆಡ್ ಟ್ಯಾಂಕಿಗೆ ಸುರಿಯುತ್ತಾನೆ. ನೀರುಗಂಟಿಯದು ದುರುದ್ದೇಶವಲ್ಲ, ಚೀಟಿಯನ್ನು ಹಿಂಪಡೆಯದಿದ್ದುದೇ ತಪ್ಪು. ಬ್ರೌಸರ್ ತಾನು ಬಿಟ್ಟುಕೊಟ್ಟ ಜಾಗದ ಹಳೆಯ ವಿಳಾಸವನ್ನು ಮರಳಿ ಬಳಸಿದಾಗ ಆಗುವುದೂ ಇಷ್ಟೇ. ದಾಳಿಕೋರನು ರಚಿಸಿದ ಪುಟವು ಆ ಖಾಲಿ ಜಾಗವನ್ನು ಮೊದಲೇ ತನ್ನ ಸರಕಿನಿಂದ ತುಂಬಿರುತ್ತದೆ.

ಇವು ಅಪರೂಪದ ದೋಷಗಳೆಂದು ತಿಳಿಯಬಾರದು. ತನ್ನ ಉತ್ಪನ್ನಗಳಲ್ಲಿ ಪ್ರತಿವರ್ಷ ಸರಿಪಡಿಸಲಾಗುವ ಭದ್ರತಾ ಲೋಪಗಳಲ್ಲಿ ಸುಮಾರು ಶೇಕಡ 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ತಿಳಿಸಿತು. ಕ್ರೋಮ್ ಬ್ರೌಸರಿನ ಗಂಭೀರ ಲೋಪಗಳಲ್ಲಿಯೂ ಹೆಚ್ಚುಕಡಿಮೆ ಇದೇ ಪ್ರಮಾಣವಿದ್ದು, ಅವುಗಳಲ್ಲಿ ಅರ್ಧದಷ್ಟು ಮೇಲೆ ಹೇಳಿದ ಹಳೆಯ ಚೀಟಿಯ ಬಗೆಯವು ಎಂದು ಅದನ್ನು ರೂಪಿಸುವವರೇ ಲೆಕ್ಕ ಕೊಟ್ಟಿದ್ದಾರೆ. 2010ರ ಜನವರಿಯಲ್ಲಿ ಬಹಿರಂಗವಾದ, ಗೂಗಲ್ ಸಂಸ್ಥೆಯ ಮೇಲೆಯೇ ನಡೆದ ದಾಳಿಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಇಂತಹದೇ ಲೋಪ ಬಳಕೆಯಾಗಿತ್ತು. ದುರಸ್ತಿ ಬರುವವರೆಗೆ ಬೇರೆ ಬ್ರೌಸರನ್ನು ಬಳಸುವಂತೆ ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಸರ್ಕಾರಿ ಸಂಸ್ಥೆಗಳು ಆಗ ಸಾರ್ವಜನಿಕರಿಗೆ ಸೂಚಿಸಿದ್ದವು.

ಇತ್ತೀಚಿನ ಪ್ರಕರಣವೊಂದು ಹೆಚ್ಚು ಬೋಧಪ್ರದವಾಗಿದೆ. ಜಾಲತಾಣಗಳಲ್ಲಿ ಚಿತ್ರಗಳನ್ನು ಚಿಕ್ಕ ಗಾತ್ರದಲ್ಲಿ ಕಳುಹಿಸಲು ವೆಬ್‌ಪಿ ಎಂಬ ವಿಧಾನ ಬಳಕೆಯಲ್ಲಿದೆ. ಅಂತಹ ಚಿತ್ರವನ್ನು ಬಿಚ್ಚುವ ತಂತ್ರಾಂಶದಲ್ಲಿ ಎಲ್ಲೆ ಮೀರಿ ಬರೆಯುವ ಲೋಪವಿರುವುದನ್ನು ಆಪಲ್ ಸಂಸ್ಥೆಯ ಭದ್ರತಾ ವಿಭಾಗ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2023ರ ಸೆಪ್ಟೆಂಬರ್ 6ರಂದು ವರದಿ ಮಾಡಿದವು. ಬಿಚ್ಚುವ ಕೆಲಸಕ್ಕೆ ಬೇಕಾದ ಕೋಷ್ಟಕಗಳಿಗೆ ತಂತ್ರಾಂಶವು ಮೊದಲೇ ಇಂತಿಷ್ಟು ಜಾಗವೆಂದು ಕಾದಿರಿಸುತ್ತಿತ್ತು. ಸರಿಯಾದ ಚಿತ್ರಕ್ಕೆ ಅಷ್ಟು ಸಾಕಾಗುತ್ತಿತ್ತು. ಉದ್ದೇಶಪೂರ್ವಕವಾಗಿ ತಪ್ಪಾಗಿ ರಚಿಸಿದ ಚಿತ್ರ ಬಂದಾಗ ಕೋಷ್ಟಕ ಆ ಜಾಗವನ್ನು ಮೀರಿ ಬೆಳೆಯುತ್ತಿತ್ತು. ಚಿತ್ರ ಪರದೆಯ ಮೇಲೆ ಮೂಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಸೆಪ್ಟೆಂಬರ್ 11ರಂದು ಕ್ರೋಮ್ ಮತ್ತು ಅದರ ಮರುದಿನ ಫೈರ್‌ಫಾಕ್ಸ್ ದುರಸ್ತಿಯನ್ನು ಬಿಡುಗಡೆ ಮಾಡಿದವು. ಈ ಲೋಪವನ್ನು ಬಳಸುವ ವಿಧಾನ ಅದಾಗಲೇ ಚಾಲ್ತಿಯಲ್ಲಿದೆ ಎಂದು ಗೂಗಲ್ ಅಂದೇ ಪ್ರಕಟಿಸಿತು.

ಹಳೆಯ ಬ್ರೌಸರಿನ ವಿಶೇಷ ಅಪಾಯವಿರುವುದು ಇಲ್ಲಿಯೇ. ದುರಸ್ತಿ ಪ್ರಕಟವಾದ ದಿನವೇ ಲೋಪ ಎಲ್ಲಿತ್ತು ಎಂಬುದೂ ಪ್ರಕಟವಾಗುತ್ತದೆ. ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಹೋಲಿಸಿ ನೋಡಿದವರಿಗೆ ಗೋಡೆಯ ಯಾವ ಇಟ್ಟಿಗೆ ಸಡಿಲವಾಗಿತ್ತೆಂದು ತಿಳಿಯುತ್ತದೆ. ಪರಿಷ್ಕರಣೆ ಮಾಡಿಕೊಂಡವರು ಅಂದೇ ಸುರಕ್ಷಿತರಾಗುತ್ತಾರೆ. ಮಾಡಿಕೊಳ್ಳದವರು ಹಿಂದಿನ ದಿನಕ್ಕಿಂತ ಹೆಚ್ಚು ಅಪಾಯದಲ್ಲಿರುತ್ತಾರೆ.

ಇದರ ಪರಿಣಾಮವನ್ನು ನೆರೆಯ ಕೇರಳದ ಗ್ರಾಮ ಪಂಚಾಯತಿಗಳು ಅನುಭವಿಸಿವೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಎಂಬ ಕುತಂತ್ರಾಂಶವು ವಯನಾಡು ಜಿಲ್ಲೆಯ ತರಿಯೋಡ್ ಮತ್ತು ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಗ್ರಾಮ ಪಂಚಾಯತಿ ಕಚೇರಿಗಳ ಗಣಕಯಂತ್ರಗಳನ್ನೂ ತಲುಪಿತು. ಕಡತಗಳು ತೆರೆಯದಾದವು, ಬಿಡಿಸಿಕೊಳ್ಳಲು 300 ಡಾಲರ್ ತೆರಬೇಕೆಂಬ ಸೂಚನೆ ಪರದೆಯ ಮೇಲೆ ಮೂಡಿತು. ಅದು ಒಳಬಂದುದು ಬ್ರೌಸರಿನ ಮೂಲಕವಲ್ಲ, ವಿಂಡೋಸಿನಲ್ಲಿ ಯಂತ್ರಗಳ ನಡುವೆ ಕಡತ ಹಂಚಿಕೊಳ್ಳುವ ವ್ಯವಸ್ಥೆಯ ಮೂಲಕ. ಲೋಪ ಮಾತ್ರ ಅದೇ ಕುಲದ್ದು, ಅಳತೆಯ ಲೆಕ್ಕ ತಪ್ಪಿ ಮೆಮೊರಿಯ ಎಲ್ಲೆ ಮೀರಿ ಬರೆಯುವುದು. ಅದಕ್ಕೆ ದುರಸ್ತಿಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮೊದಲೇ, ನೀಡಿತ್ತು. ವಯನಾಡು ಎಂದರೆ ಗುಂಡ್ಲುಪೇಟೆಯ ಗಡಿ ದಾಟಿದರೆ ಸಿಗುವ ಜಿಲ್ಲೆ. ಸಣ್ಣ ಕಚೇರಿ, ನಮ್ಮಲ್ಲಿ ಕದಿಯಲು ಏನಿದೆ ಎಂಬ ವಾದಕ್ಕೆ ಈ ಪ್ರಕರಣದ ನಂತರ ಬಲವಿಲ್ಲ. ಇಂತಹ ತಂತ್ರಾಂಶ ಕಚೇರಿಯ ಗಾತ್ರವನ್ನು ನೋಡುವುದಿಲ್ಲ, ತೆರೆದ ಬಾಗಿಲನ್ನಷ್ಟೇ ಹುಡುಕುತ್ತದೆ.

ಆಧುನಿಕ ಬ್ರೌಸರುಗಳು ಪ್ರತಿ ಪುಟವನ್ನು ಪ್ರತ್ಯೇಕ ಕೊಠಡಿಯಲ್ಲಿ ಕೂಡಿಹಾಕಿದಂತೆ ನಿರ್ಬಂಧಿಸುತ್ತವೆ ಎಂಬುದನ್ನೂ ಹೇಳಬೇಕು. ಒಂದು ಲೋಪದಿಂದ ಇಡೀ ಯಂತ್ರ ಕೈಗೆ ಸಿಗುವುದಿಲ್ಲ; ಕೊಠಡಿಯಿಂದ ಹೊರಬರಲು ದಾಳಿಕೋರನಿಗೆ ಮತ್ತೊಂದು ಲೋಪ ಬೇಕಾಗುತ್ತದೆ. ಆದರೆ ಹಳೆಯ ಬ್ರೌಸರ್ ಹಳೆಯ ವಿಂಡೋಸಿನ ಮೇಲೆ ನಡೆಯುತ್ತಿದ್ದಲ್ಲಿ ಆ ಎರಡನೆಯದಕ್ಕೂ ಬಹಳ ಹುಡುಕಬೇಕಾಗಿಲ್ಲ.

ಸದಸ್ಯರು ಕೇಳಬೇಕಾದ ಪ್ರಶ್ನೆ ಸರಳವಾಗಿದೆ: ಕಚೇರಿಯ ಪ್ರತಿ ಯಂತ್ರದಲ್ಲಿ ಯಾವ ವಿಂಡೋಸ್ ಇದೆ, ಬ್ರೌಸರಿನ ಆವೃತ್ತಿ ಯಾವುದು? ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಅದರ ಮೇಲೆ ನಡೆಯುವ ಕ್ರೋಮಿನ ಕೊನೆಯ ಆವೃತ್ತಿ 109. ಅಂತಹ ಯಂತ್ರದಲ್ಲಿ ಆಪರೇಟರ್ ಎಷ್ಟೇ ಶ್ರದ್ಧೆಯಿಂದ ಅಪ್‌ಡೇಟ್ ಒತ್ತಿದರೂ ಹೊಸ ಆವೃತ್ತಿ ಬರುವುದಿಲ್ಲ. ಇಲ್ಲಿ ಸಿಬ್ಬಂದಿಯನ್ನು ಆಕ್ಷೇಪಿಸಿ ಫಲವಿಲ್ಲ; ಯಂತ್ರವನ್ನೇ ಬದಲಿಸಬೇಕು, ಅದಕ್ಕೆ ಹಣ ಒದಗಿಸುವ ನಿರ್ಣಯ ಸಭೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ ಮುಂದಿನ ಖರೀದಿಯಲ್ಲಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸೂಕ್ತ.

ಹೊಸ ಯಂತ್ರವಿದ್ದಲ್ಲಿ ಪರಿಶೀಲನೆಗೆ ಎರಡು ನಿಮಿಷ ಸಾಕು. ಕ್ರೋಮಿನ ಬಲ ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ಹೆಲ್ಪ್ ಎಂಬಲ್ಲಿ ಅಬೌಟ್ ಗೂಗಲ್ ಕ್ರೋಮ್ ಆಯ್ದರೆ ಆವೃತ್ತಿ ಕಾಣುತ್ತದೆ; ಹೊಸದಿದ್ದಲ್ಲಿ ತಾನಾಗಿಯೇ ಇಳಿಯತೊಡಗುತ್ತದೆ. ಕಡೆಗಣಿಸಲ್ಪಡುವ ಹಂತ ನಂತರದ್ದು. ಇಳಿದ ಪರಿಷ್ಕರಣೆ ಜಾರಿಗೆ ಬರುವುದು ರೀಲಾಂಚ್ ಒತ್ತಿ ಬ್ರೌಸರನ್ನು ಮುಚ್ಚಿ ತೆರೆದ ಮೇಲೆಯೇ. ಮತ್ತೆ ಲಾಗಿನ್ ಆಗಬೇಕೆಂಬ ಬೇಸರಕ್ಕೆ ವಾರಗಟ್ಟಲೆ ಬ್ರೌಸರ್ ಮುಚ್ಚದ ಕಚೇರಿಯಲ್ಲಿ ದುರಸ್ತಿಯು ಬಂದಿದ್ದೂ ಬಾರದಂತೆಯೇ ಸರಿ.

ಕೆಲವು ಹಳೆಯ ತಂತ್ರಾಂಶಗಳಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕೇಬೇಕೆಂಬ ಕಾರಣಕ್ಕೆ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವ ವಾಡಿಕೆಯಿದೆ. ಆ ಬ್ರೌಸರಿನ ಬೆಂಬಲವನ್ನು 2022ರ ಜೂನ್ 15ರಂದು ನಿಲ್ಲಿಸಲಾಗಿದೆ. ಎಡ್ಜ್ ಬ್ರೌಸರಿನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್ ಎಂಬ ಸೌಲಭ್ಯವಿದ್ದು, ಅದನ್ನು ಕನಿಷ್ಠ 2029ರವರೆಗೆ ಮುಂದುವರಿಸುವುದಾಗಿ ಮೈಕ್ರೋಸಾಫ್ಟ್ ತಿಳಿಸಿದೆ. ಅಗತ್ಯವಾದ ಆ ಒಂದು ತಾಣಕ್ಕೆ ಮಾತ್ರ ಈ ಮೋಡನ್ನು ಬಳಸಬಹುದು.

ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯ ಡಾಂಗಲ್ ಬಗ್ಗೆ ಒಂದು ತಪ್ಪು ಧೈರ್ಯವಿದೆ. ಸಹಿಯ ರಹಸ್ಯ ಕೀಲಿ ಡಾಂಗಲ್‌ನಿಂದ ಹೊರಗೆ ಬರುವುದಿಲ್ಲ ಎಂಬುದು ನಿಜ. ಆದರೆ ಡಾಂಗಲ್ ಯಂತ್ರದಲ್ಲಿಯೇ ಇದ್ದು ಪಿನ್ ಒಮ್ಮೆ ನಮೂದಾದ ಮೇಲೆ, ಯಂತ್ರವನ್ನು ವಶಪಡಿಸಿಕೊಂಡವರಿಗೆ ಕೀಲಿ ಕದಿಯುವ ಅಗತ್ಯವೇ ಇರುವುದಿಲ್ಲ. ಅಲ್ಲಿಂದಲೇ ಸಹಿ ಮಾಡಿಸಬಹುದು. ಕೆಲಸ ಮುಗಿದೊಡನೆ ಡಾಂಗಲ್ ತೆಗೆದು ಅಧಿಕಾರಿಯ ಬಳಿಯಲ್ಲೇ ಇರಿಸುವುದು ಉಚಿತ. ಸಹಿ ನಡೆಯುವ ಯಂತ್ರದಲ್ಲಿ ಬಿಡುವಿನ ವೇಳೆ ಸಿನಿಮಾ, ಕ್ರಿಕೆಟ್ ತಾಣಗಳನ್ನು ತೆರೆಯುವುದು ತರವಲ್ಲ. ವಿಳಾಸದ ಪಕ್ಕದ ಬೀಗದ ಗುರುತೂ ಇಲ್ಲಿ ನೆರವಿಗೆ ಬಾರದು. ಅದು ಮಾಹಿತಿ ದಾರಿಯಲ್ಲಿ ಸೋರುವುದಿಲ್ಲ ಎಂದು ಹೇಳುತ್ತದೆಯೇ ಹೊರತು ಬಂದ ಪುಟ ಒಳ್ಳೆಯದೆಂದು ಹೇಳುವುದಿಲ್ಲ.

ಸದಸ್ಯರ ಮೊಬೈಲ್ ಫೋನಿನಲ್ಲಿರುವ ಬ್ರೌಸರಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ಲೇ ಸ್ಟೋರಿನಲ್ಲಿ ಕ್ರೋಮ್ ಮತ್ತು ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಎರಡನ್ನೂ ಪರಿಷ್ಕರಿಸಬೇಕು. ಬ್ರೌಸರನ್ನು ಎಂದೂ ತೆರೆಯದವರ ಫೋನಿನಲ್ಲಿಯೂ ಬೇರೆ ಆ್ಯಪ್‌ಗಳೊಳಗೆ ಜಾಲಪುಟಗಳನ್ನು ತೋರಿಸುವುದು ಎರಡನೆಯದು.

ಯಂತ್ರದಲ್ಲಿ ಅಪರಿಚಿತ ಬದಲಾವಣೆ ಕಂಡುಬಂದಲ್ಲಿ, ಉದಾಹರಣೆಗೆ ಯಾರೂ ಮಾಡದ ನಮೂನೆ ತಿದ್ದುಪಡಿ ಅಥವಾ ತೆರೆಯದ ಕಡತಗಳು ಕಂಡಲ್ಲಿ, ಮೊದಲು ಜಾಲದ ಕೇಬಲ್ ಕೀಳಬೇಕು, ವೈಫೈ ನಿಲ್ಲಿಸಬೇಕು. ಅಂಗಡಿಯವರನ್ನು ಕರೆಸಿ ಫಾರ್ಮ್ಯಾಟ್ ಮಾಡಿಸಿದರೆ ತನಿಖೆಗೆ ಬೇಕಾದ ಸುಳಿವೂ ಅಳಿಸಿಹೋಗುತ್ತದೆ. ಹಣ ಹೋಗಿದ್ದಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು. ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿದೆ. ಆ 6 ಗಂಟೆಯ ಲೆಕ್ಕ ಮುಂದಿನ ಸಾಮಾನ್ಯ ಸಭೆಯಿಂದಲ್ಲ, ಆಪರೇಟರ್ ಮೊದಲು ಕಂಡ ಗಳಿಗೆಯಿಂದಲೇ ಆರಂಭವಾಗುತ್ತದೆ.