ಹಾಲಿಲ್ಲದ ಕೆನೆ, ಶ್ಯಾವಿಗೆಯ ನಾಡಿನಲ್ಲಿ ಸಿಗಡಿ ಪಾಸ್ತಾ

ಬೇಸಗೆ ಬಂದಿತೆಂದರೆ ಧಾರವಾಡದ ಮಾಳಿಗೆಗಳ ಮೇಲೆ ಶ್ಯಾವಿಗೆ ಒಣಗುತ್ತಿದ್ದ ಕಾಲವೊಂದಿತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಹಾಡು ಹರಟೆಗಳ ನಡುವೆ ಹೊಸೆದ ಆ ಎಳೆಗಳಿಗೂ ಇಟಲಿಯ ಪಾಸ್ತಾಕ್ಕೂ ಇರುವ ನಂಟು ದೂರದ್ದಲ್ಲ. ಎರಡರ ಜೀವಾಳವೂ ಗಟ್ಟಿ ಗೋಧಿಯೇ. ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಿಂದಲೇ ಮಾಡತಕ್ಕದ್ದೆಂದು ಇಟಲಿಯಲ್ಲಿ 1967ರಲ್ಲಿ ಶಾಸನವೇ ಆಯಿತು. ಅದೇ ಜಾತಿಗೆ ಸೇರಿದ ಬಿಜಗ ಗೋಧಿ ಈ ಸೀಮೆಯ ಎರೆಹೊಲಗಳಲ್ಲಿ ಮಳೆಯನ್ನೇ ನೆಚ್ಚಿ ಬೆಳೆದು ಬಂದುದು. ಅದರ ಹಳೆಯ ಬಂಧುವಾದ ಸದಕದಲ್ಲಿ ಡಿ.ಡಿ.ಕೆ. 1025, 1029 ಎಂಬ ತಳಿಗಳು ಧಾರವಾಡದಲ್ಲಿಯೇ ರೂಪುಗೊಂಡವು.

ಆದುದರಿಂದ ಪಾಸ್ತಾ ಹುಬ್ಬಳ್ಳಿಯ ಅಡಿಗೆಮನೆಗೆ ತೀರ ಪರಕೀಯವಲ್ಲ. ಮೀನು ತಿನ್ನುವ ಮನೆಗಳಲ್ಲಿ ತೊಡಕು ಹುಟ್ಟುವುದು ಬೇರೆಡೆಯಲ್ಲಿ. ಹೋಟೆಲಿನಲ್ಲಿ ಕೆನೆ ಬೆರೆಸಿದ ಸಿಗಡಿ ಪಾಸ್ತಾ ಉಂಡು ಬಂದ ಮಕ್ಕಳು ಮನೆಯಲ್ಲಿಯೂ ಅದನ್ನೇ ಬೇಡುತ್ತಾರೆ. ಜಿಡ್ಡು ಕಡಿಮೆ ಮಾಡಬೇಕೆಂದು ವೈದ್ಯರಿಂದ ಎಚ್ಚರಿಕೆ ಪಡೆದ ಯಜಮಾನರು ಅದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ. ಪೇಟೆಯ ಕೆನೆಯಲ್ಲಿ ನೂರಕ್ಕೆ ಸುಮಾರು 25 ಪಾಲು ಕೊಬ್ಬು, 200 ಮಿ.ಲೀ. ಸುರಿದರೆ 50 ಗ್ರಾಂ ಕೊಬ್ಬು ಬೋಗುಣಿಗೆ ಬಿದ್ದಂತೆಯೇ. ಇನ್ನು ಮನೆಯ ಅಜ್ಜಿಗೆ ಹಾಲು ಮೀನುಗಳು ಒಂದಾದವೆಂದರೆ ಊಟವೇ ಸೇರದು.

ಅಜ್ಜಿಯ ಮಾತು ನಿನ್ನೆ ಮೊನ್ನೆಯದಲ್ಲ. ಮೀನನ್ನೂ ಹಾಲನ್ನೂ ಕೂಡಿಸಿ ಉಣ್ಣಬಾರದೆಂದು ಚರಕಸಂಹಿತೆಯೇ ವಿರುದ್ಧಾಹಾರದ ಪ್ರಕರಣದಲ್ಲಿ ಹೇಳಿದೆ. ಇದರಿಂದ ತೊನ್ನು ಬರುವುದೆಂಬ ಜನಜನಿತ ಭಯಕ್ಕೆ ಇಂದಿನ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ವಾದದಲ್ಲಿ ಗೆದ್ದ ಸೊಸೆಗೆ ಅಜ್ಜಿ ಎಲೆ ಬಿಟ್ಟು ಎದ್ದರೆ ಗೆಲುವಿನ ಸುಖವೆಲ್ಲಿ?

ಎರಡು ತೊಡಕಿಗೂ ಒಂದೇ ಪರಿಹಾರ ಘಟ್ಟದ ಕೆಳಗಿದೆ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟಗಳನ್ನು ದಾಟಿ ಸುಮಾರು 130 ಕಿ.ಮೀ. ಸಾಗಿದರೆ ಅಂಕೋಲೆ. ಸಿಗಡಿಯನ್ನು ಶೆಟ್ಲಿ ಎಂದು ಕರೆಯುವ ಆ ಕರಾವಳಿಯ ಗೃಹಿಣಿಯರು ಅದಕ್ಕೆ ಹಸುವಿನ ಹಾಲನ್ನು ಬಯಸಿದವರಲ್ಲ. ಅವರಿಗೆ ತೆಂಗಿನ ಹಾಲೇ ಕೆನೆ. ತೆಂಗಿನಲ್ಲಿಯೂ ಜಿಡ್ಡುಂಟು, ನಿಜ. ಆದರೆ ಎರಡನೆಯ ಸಲ ಹಿಂಡಿದ ತೆಳು ಹಾಲಿನಲ್ಲಿ ಅದು ಬಹಳ ಕಡಿಮೆ.

ನಾಲ್ವರಿಗೆ 250 ಗ್ರಾಂ ಪಾಸ್ತಾ, ಸುಲಿದ ಸಿಗಡಿ 300 ಗ್ರಾಂ, ತೆಂಗಿನಕಾಯಿಯ ಒಂದು ಹೋಳು, ಒಂದು ಉಳ್ಳಾಗಡ್ಡಿ, ಆರು ಎಸಳು ಬೆಳ್ಳುಳ್ಳಿ, ಎರಡು ಚಹಾ ಚಮಚ ಎಣ್ಣೆ, ಕರಿಮೆಣಸಿನ ಪುಡಿ, ಉಪ್ಪು, ಅರ್ಧ ಲಿಂಬೆಹಣ್ಣು ಸಾಕು. ಕಾಯಿತುರಿಯನ್ನು ರುಬ್ಬಿ ಮೊದಲ ಹಾಲನ್ನು ಬೇರೆ ತೆಗೆದಿಡಬೇಕು. ಅದರಲ್ಲಿ ಎರಡೇ ಚಮಚ ಇಲ್ಲಿಗೆ, ಉಳಿದುದು ಪಾಯಸಕ್ಕೆ. ಚರಟಕ್ಕೆ ಬಿಸಿನೀರು ಬೆರೆಸಿ ಒಂದೂವರೆ ಬಟ್ಟಲು ತೆಳು ಹಾಲನ್ನು ಹಿಂಡಿಕೊಳ್ಳಬೇಕು.

ಪಾಸ್ತಾವನ್ನು ಕುದಿಯುವ ಉಪ್ಪುನೀರಿಗೆ ಹಾಕಿ, ಪೊಟ್ಟಣದಲ್ಲಿ ಹೇಳಿದುದಕ್ಕಿಂತ ಒಂದು ನಿಮಿಷ ಮೊದಲೇ ಬಸಿಯಬೇಕು. ಬಸಿದ ನೀರನ್ನು ಚೆಲ್ಲಬಾರದು. ಹಿಟ್ಟಿನಂಶ ತುಂಬಿದ ಆ ನೀರೇ ತೆಳು ಹಾಲಿಗೆ ಕೆನೆಯ ಮೈ ಕೊಡುವುದು. ಗುಟ್ಟೆಲ್ಲ ಇರುವುದು ಇಲ್ಲಿಯೇ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬೆನ್ನಿನ ಕಪ್ಪು ನರ ತೆಗೆದ ಸಿಗಡಿಯನ್ನು ಎರಡು ಮೂರು ನಿಮಿಷ ಬಾಡಿಸಬೇಕು. ಅದು ಒಳಗೂ ಬೆಳ್ಳಗಾಗಿ ಕುಡುಗೋಲಿನಂತೆ ಬಾಗಿದೊಡನೆ ಹೊರತೆಗೆಯಬೇಕು. ಬಳೆಯಂತೆ ಸುತ್ತಿಕೊಂಡರೆ ರಬ್ಬರಾಯಿತೆಂದೇ ತಿಳಿಯಬೇಕು. ಅದೇ ಬಾಣಲೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿಗಳನ್ನು ಹುರಿದು, ತೆಳು ಹಾಲನ್ನೂ ಅರ್ಧ ಬಟ್ಟಲು ಬಸಿದ ನೀರನ್ನೂ ಸುರಿದು ಸಣ್ಣ ಉರಿಯಲ್ಲಿ ಇಂಗಿಸಬೇಕು. ಪಾಸ್ತಾ ಹಾಕಿ ಒಂದು ನಿಮಿಷ ಕಲಸಿ, ಸಿಗಡಿಯನ್ನೂ ಮೊದಲ ಹಾಲನ್ನೂ ಸೇರಿಸಿ ಕೆಳಗಿಳಿಸುವುದು. ಕರಿಮೆಣಸು, ಲಿಂಬೆರಸ ಕೊನೆಯಲ್ಲಿ. ಮೇಲೆ ಚೀಸು ಬೇಕಾಗಿಲ್ಲ. ಮೀನಿನ ಪಾಸ್ತಾಕ್ಕೆ ಅದನ್ನು ಉದುರಿಸುವುದು ಇಟಲಿಯ ಸಂಪ್ರದಾಯದಲ್ಲಿಯೂ ಇಲ್ಲ.

ಕಡಲಿಲ್ಲದ ಊರಿನಲ್ಲಿ ಸಿಗಡಿ ಕೊಳ್ಳುವವರ ಜಾಣತನವೆಲ್ಲ ಮೂಗಿನಲ್ಲಿದೆ. ಮೈ ಬಿಗಿಯಾಗಿದ್ದು ಕಡಲಿನ ವಾಸನೆಯಷ್ಟೇ ಬಂದರೆ ಕೊಳ್ಳಬಹುದು. ಘಾಟು ಬಡಿದರೆ ಬಿಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆಗ ಹೆಪ್ಪುಗಟ್ಟಿಸಿದ ಸಿಗಡಿಯೇ ಗತಿ. ಅದನ್ನು ಫ್ರಿಜ್ಜಿನೊಳಗೇ ರಾತ್ರಿಯಿಡೀ ಕರಗಿಸಬೇಕಲ್ಲದೆ ಬಿಸಿನೀರಿನಲ್ಲಿ ಅದ್ದಬಾರದು. ಸಿಗಡಿ ಮೈಗೆ ಒಗ್ಗದವರು ಇದರ ಗೊಡವೆಗೆ ಹೋಗದಿರುವುದೇ ಲೇಸು.

ಪಾಸ್ತಾ ಮುಗಿದ ದಿನ ಡಬ್ಬಿಯ ತಳದ ಗಟ್ಟಿ ಗೋಧಿಯ ಶ್ಯಾವಿಗೆಯನ್ನೂ ಹೀಗೆಯೇ ಮಾಡಬಹುದು. ಅದು ಎರಡು ಮೂರು ನಿಮಿಷಗಳಲ್ಲಿ ಬೇಯುವುದೆಂಬುದನ್ನು ಮರೆಯಬಾರದು, ಅಷ್ಟೆ. ಮಕ್ಕಳು ಅದನ್ನು ಪಾಸ್ತಾ ಎನ್ನಲಿ, ಅಜ್ಜಿ ಶ್ಯಾವಿಗೆ ಎನ್ನಲಿ. ಮೂರು ತಲೆಮಾರುಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಅಡಿಗೆ ಮಾಡಿದ ಕೈಗೆ ಬೇರೆ ಬಹುಮಾನ ಬೇಕಿಲ್ಲ.