ಸನ್ನಿಗೆ ಸೂಜಿಮದ್ದೊಂದೇ ಪರಿಹಾರವೇ?

ಅತ್ತಿಗುಪ್ಪೆ, ವಿಜಯನಗರದಂಥ ಬಡಾವಣೆಗಳಲ್ಲಿ ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಂದೇ ಸೂರಿನಡಿ ಬಾಳುವ ಮನೆಗಳು ಇಂದಿಗೂ ಇವೆ. ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದರೆ, ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರುವ ಸರದಿ ಕಾಲೇಜಿಗೆ ಹೋಗುವ ಮೊಮ್ಮಕ್ಕಳಿಗೂ ಬರುತ್ತದೆ. ಹಗಲೆಲ್ಲ ಸರಿಯಾಗಿ ಮಾತನಾಡುತ್ತಿದ್ದ ಅಜ್ಜಿ, ಆಪರೇಷನ್ ಆದ ಎರಡನೇ ರಾತ್ರಿ ಎಂದೋ ತೀರಿಹೋದವರನ್ನು ಕರೆಯತೊಡಗಿದರೆ, ಡ್ರಿಪ್ ಕಿತ್ತೆಸೆದರೆ ಎಂಥವರಿಗೂ ಎದೆ ನಡುಗುತ್ತದೆ. 'ಹುಚ್ಚು ಹಿಡಿಯಿತೇ? ನಿಮ್ಹಾನ್ಸ್‌ಗೆ ಕರೆದೊಯ್ಯಬೇಕೇ?' ಎಂದು ಮನೆಯವರು ಗಾಬರಿಯಾಗುತ್ತಾರೆ.

ಇದು ಹುಚ್ಚಲ್ಲ. ವೈದ್ಯರು ಇದನ್ನು ಡಿಲಿರಿಯಂ ಎನ್ನುತ್ತಾರೆ. ಹಿರಿಯರು 'ಸನ್ನಿ' ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ದೇಹದ ತೊಂದರೆ ಮಿದುಳನ್ನು ತಟ್ಟಿದಾಗ ಗಂಟೆಗಳಲ್ಲೇ ಕಾಣಿಸಿಕೊಂಡು, ದಿನದಲ್ಲೇ ಏರಿಳಿಯುವುದು ಇದರ ಲಕ್ಷಣ. ಸೋಂಕು, ನೀರಿನಂಶದ ಕೊರತೆ, ರಕ್ತದಲ್ಲಿ ಸೋಡಿಯಂ ಏರುಪೇರು, ನೋವು, ಮೂತ್ರ ಕಟ್ಟುವುದು, ಮಲಬದ್ಧತೆ, ಕೆಲವು ಔಷಧಿಗಳು - ಯಾವುದೂ ಕಾರಣವಾಗಬಹುದು. ಕೂಗಾಡದೆ ಮಂಕಾಗಿ ಮಲಗಿಬಿಡುವ ರೋಗಿಗಳೂ ಉಂಟು. ಅವರದು ಬೇಗ ಗಮನಕ್ಕೆ ಬರುವುದಿಲ್ಲ.

ಔಷಧಿ ಏನು ಮಾಡುತ್ತದೆ?

ಇಂಥ ರೋಗಿಗಳಿಗೆ ಬಹುಕಾಲದಿಂದ ಕೊಡುತ್ತಿರುವ ಔಷಧಿ ಹ್ಯಾಲೋಪೆರಿಡಾಲ್. 1958ರಲ್ಲಿ ಬೆಲ್ಜಿಯಂನ ಪಾಲ್ ಜಾನ್ಸೆನ್ ಅವರ ಪ್ರಯೋಗಾಲಯದಲ್ಲಿ ತಯಾರಾದ ಇದು ಮುಖ್ಯವಾಗಿ ತೀವ್ರ ಮನೋರೋಗಗಳ ಔಷಧಿ. ಸನ್ನಿಯನ್ನು ಇದು ಗುಣಪಡಿಸುತ್ತದೆಯೇ? ಅಮೆರಿಕದ ತೀವ್ರ ನಿಗಾ ಘಟಕಗಳಲ್ಲಿ 566 ರೋಗಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹ್ಯಾಲೋಪೆರಿಡಾಲ್ ಪಡೆದವರಿಗೂ ಔಷಧಿಯಿಲ್ಲದ ಹುಸಿಮದ್ದು ಪಡೆದವರಿಗೂ ಸನ್ನಿಯ ಅವಧಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ, ಉಪಶಾಮಕ ಆರೈಕೆಯಲ್ಲಿದ್ದ 247 ರೋಗಿಗಳ ಪೈಕಿ ಇಂಥ ಔಷಧಿ ಪಡೆದವರ ಲಕ್ಷಣಗಳು ಹುಸಿಮದ್ದು ಪಡೆದವರಿಗಿಂತ ಹೆಚ್ಚಾಗಿಯೇ ಇದ್ದವು.

ಹಾಗೆಂದು ಔಷಧಿ ಬೇಡವೇ ಬೇಡ ಎಂದಲ್ಲ. ರೋಗಿ ತನಗೋ ಇತರರಿಗೋ ಅಪಾಯ ತಂದುಕೊಳ್ಳುವಂತಿದ್ದರೆ, ಸಮಾಧಾನ ಫಲಿಸದಿದ್ದರೆ, ವೈದ್ಯರು ಸಣ್ಣ ಪ್ರಮಾಣದಲ್ಲಿ, ಕೆಲವೇ ದಿನಗಳ ಮಟ್ಟಿಗೆ ಕೊಡುವುದುಂಟು. ಹೃದಯದ ಬಡಿತದ ಲಯ ಕೆಡಬಹುದಾದ್ದರಿಂದ ಇಸಿಜಿ ನೋಡುತ್ತಾರೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ಹ್ಯಾಲೋಪೆರಿಡಾಲ್ ಸಲ್ಲದು. ಕುಡಿತ ಬಿಟ್ಟೊಡನೆ ಬರುವ ಸನ್ನಿಗೆ ಚಿಕಿತ್ಸೆಯೇ ಬೇರೆ. ಆದ್ದರಿಂದ ಅಜ್ಜನಿಗೆ ಕುಡಿತದ ಅಭ್ಯಾಸವಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡದೆ ವೈದ್ಯರಿಗೆ ಹೇಳಿಬಿಡಬೇಕು.

ಮನೆಯವರ ಪಾತ್ರ

ಅಮೆರಿಕದ ಯೇಲ್‌ನಲ್ಲಿ ವೈದ್ಯೆ ಶರಾನ್ ಇನೋಯೆ ಮತ್ತು ಸಂಗಡಿಗರು 852 ವೃದ್ಧ ರೋಗಿಗಳನ್ನು ಗಮನಿಸಿ 1999ರಲ್ಲಿ ಪ್ರಕಟಿಸಿದ ವರದಿ ಮನೆಯವರಿಗೆ ಆಶಾದಾಯಕ. ದಿನ, ಸ್ಥಳ ನೆನಪಿಸುವುದು, ಕನ್ನಡಕ ಮತ್ತು ಶ್ರವಣಯಂತ್ರ ಕೊಡುವುದು, ನೀರು ಕುಡಿಸುವುದು, ನಡೆದಾಡಿಸುವುದು, ರಾತ್ರಿ ನಿದ್ದೆಗೆ ಅನುವು ಮಾಡುವುದು - ಇಂಥ ಸರಳ ಕ್ರಮಗಳಿಂದ ಸನ್ನಿಗೆ ತುತ್ತಾದವರ ಪ್ರಮಾಣ ಶೇ 15ರಿಂದ ಶೇ 9.9ಕ್ಕೆ ಇಳಿಯಿತು. ಇವುಗಳಲ್ಲಿ ಹೆಚ್ಚಿನವು ನರ್ಸ್‌ಗಳನ್ನು ಕೇಳಿಕೊಂಡು ಮೊಮ್ಮಕ್ಕಳೂ ಮಾಡಬಹುದಾದ ಕೆಲಸಗಳೇ. ರೋಗಿ ತಪ್ಪು ಹೇಳಿದಾಗ ವಾದಕ್ಕಿಳಿಯದೆ, ಕೈಹಿಡಿದು ಮೆಲುದನಿಯಲ್ಲಿ ತಾನು ಯಾರೆಂದು ಹೇಳಿದರೆ ಸಾಕು.

ಡಿಸ್‌ಚಾರ್ಜ್ ದಿನ ವೈದ್ಯರಿಗೆ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: 'ಈ ಮಾತ್ರೆ ಎಂದಿಗೆ ನಿಲ್ಲಿಸಬೇಕು?' ಕೇಳದೇ ಹೋದರೆ ನಾಲ್ಕು ದಿನಕ್ಕೆಂದು ಬರೆದ ಮಾತ್ರೆ ತಿಂಗಳುಗಟ್ಟಲೆ ಮುಂದುವರಿದೀತು. ಮರೆವಿನ ಕಾಯಿಲೆಯ ವೃದ್ಧರಲ್ಲಿ ಇಂಥ ಔಷಧಿಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005 ಹಾಗೂ 2008ರಲ್ಲಿ ಎಚ್ಚರಿಸಿದೆ. ಆದರೆ ಕೇಳದೆ ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ತರವಲ್ಲ.